ಬೇಲಿಯಿಲ್ಲದ ಬಿಂದು

ನವೆಂಬರ್ 11, ಮಂಗಳವಾರ. ಚುಂಚನಕಟ್ಟೆ

ಯಂತ್ರವನ್ನು ಮತ್ತೆ ಲೆವೆಲ್ ಮಾಡಿದೆ. ಮತ್ತೆ ಅದೇ ನಡುಕ. ಕಾವೇರಿ ಧುಮುಕುವ ರಭಸಕ್ಕೆ ಇಡೀ ನೆಲವೇ ಅಲುಗುತ್ತದೆ. ಕಾಲಿಗೆ ತಿಳಿಯದು, ಗುರುತ್ವ ಅಳೆಯುವ ಗ್ರಾವಿಮೀಟರ್‌ಗೆ ತಿಳಿಯುತ್ತದೆ. ಈ ಜಾಗ ಕೈಬಿಟ್ಟೆ.

ಏಷ್ಯಾದ ದೇಶಗಳೆಲ್ಲ ಗುರುತ್ವವನ್ನು ತಂತಮ್ಮ ಲೆಕ್ಕದಲ್ಲೇ ಅಳೆದುಕೊಂಡು ಬಂದಿವೆ. ಇನ್ನು ಮೇಲೆ ಎಲ್ಲರಿಗೂ ಒಂದೇ ಜಾಲ, ಒಂದೇ ಅಳತೆ. ಅದರದೊಂದು ಅಳತೆಯ ಬಿಂದು ನಮ್ಮ ಸೀಮೆಯಲ್ಲಿ ಇರಲೇಬೇಕು. ಅಲುಗದ ಬಂಡೆ ಬೇಕು, ಅಷ್ಟೆ. ಸಿಗುತ್ತೆ.

ನವೆಂಬರ್ 14. ಹಂಪಾಪುರ

ಸಿಕ್ಕಿತು! ಊರಾಚೆ ಹೊಲದ ನಡುವೆ ಹಾಸುಬಂಡೆ. ರೀಡಿಂಗ್ ಕದಲುವುದೇ ಇಲ್ಲ.

ಹೊಲ ಚಿಕ್ಕಮಾದಮ್ಮನದು. ಅರವತ್ತರ ಆಸುಪಾಸು. ರಾಗಿ ಒಕ್ಕಣೆ ಇದೇ ಬಂಡೆಯ ಮೇಲೆ. ಬಿಂದುವಿನ ಗುರುತಿಗೆ ಒಂದು ಹಿತ್ತಾಳೆ ಬಿಲ್ಲೆ ಕೂರಿಸುತ್ತೇವೆ ಅಂದೆ.

"ಮೊದ್ಲು ಬಿಲ್ಲೆ ಅಂತೀರಿ, ಆಮೇಲೆ ಬೇಲಿ ತತ್ತೀರಿ. ನಮ್ ತವರ್ನಾಗೂ ಇಂಗೇ ಆಯ್ತು ಕಣವ್ವ. ಒಲ ಓಯ್ತು."

"ಬೇಲಿ ಹಾಕಲ್ಲ. ನನ್ನ ಮಾತು."

ಚಿಕ್ಕಮಾದಮ್ಮ ತಾವೇ ಪೊರಕೆ ತಂದು ಬಂಡೆ ಗುಡಿಸಿಕೊಟ್ಟರು.

ನವೆಂಬರ್ 15

ಬಿಲ್ಲೆ ಕೂರಿಸಿಯಾಯಿತು. ಬಂಡೆಗೆ ಸಮಸಮವಾಗಿ. ರಾಗಿ ಹರಡಿದರೆ ಕಾಣುವುದೂ ಇಲ್ಲ.

ಡಿಸೆಂಬರ್ 9. ಹುಣಸೂರು

ಬೆಳಗ್ಗೆ ಬಸ್‌ಸ್ಟ್ಯಾಂಡ್ ಎದುರು ಇಡ್ಲಿ ತಿನ್ನುವಾಗ ಚಿಕ್ಕಮಾದಮ್ಮನ ಫೋನ್.

"ಕಂಬ, ತಂತಿ ತಂದವ್ರೆ. ನಾನು ಬಿಲ್ಲೆ ಮ್ಯಾಲೇ ಕುಂತಿವ್ನಿ. ನೀನೇ ಕಳ್ಸುದ್ಯಾ?"

ತಟ್ಟೆ ಬಿಟ್ಟು ಜೀಪು ಹತ್ತಿದೆ. ಹೊಲದಲ್ಲಿ ಕಂಬ ಹೊತ್ತ ಲಾರಿ. ನಮ್ಮ ನಿರ್ದೇಶಕರ ಆದೇಶವಂತೆ! ಬಂಡೆಯ ಪಕ್ಕ, ಚಿಕ್ಕಮಾದಮ್ಮನಿಗೆ ಕೇಳುವಂತೆಯೇ ನಿರ್ದೇಶಕರಿಗೆ ಫೋನ್ ಮಾಡಿದೆ.

"ಸಂಘಮಿತ್ರಾ, ಎಲ್ಲ ಬಿಂದುಗಳಿಗೂ ಬೇಲಿ ಇದೆ. ಯಾರಾದ್ರೂ ಕಿತ್ತುಹಾಕಿದ್ರೆ?"

"ಬೇಲಿ ಹಾಕಿದ್ರೇ ಕೀಳೋರು ಹುಟ್ಕೋತಾರೆ ಸಾರ್. ಹೊಲ ಇವರಿಗೇ ಇದ್ರೆ ಇವರೇ ಕಾಯ್ತಾರೆ. ಲಾರಿ ವಾಪಸ್ ಕಳಿಸ್ತಿದ್ದೀನಿ."

"ಹಾಳಾದ್ರೆ ನಿಮ್ಮನ್ನ ಪ್ರಾಜೆಕ್ಟಿಂದ ತೆಗೀಬೇಕಾಗುತ್ತೆ."

"ತೆಗೀರಿ."

ಲಾರಿ ತಿರುಗಿತು. ಚಿಕ್ಕಮಾದಮ್ಮ ಎದ್ದು ಸೀರೆ ಕೊಡವಿಕೊಂಡರು. "ಉಂಡ್ಯಾ?" ಅಂದರು. ಮುದ್ದೆ, ಅವರೆಕಾಳಿನ ಸಾರು. ನಾಚಿಕೆಯಿಲ್ಲದೆ ಎರಡನೇ ಸಲವೂ ಹಾಕಿಸಿಕೊಂಡೆ.

ಜನವರಿ 21. ಹಂಪಾಪುರ

ಜಾಲದ ನೇಪಾಳ ತಂಡದ ಬಿಮಲಾ ತಮ್ಮ ಯಂತ್ರದೊಂದಿಗೆ ಬಂದಿದ್ದಾರೆ. ನಮ್ಮ ಅಳತೆ ನಿನ್ನೆಯೇ ಮುಗಿದಿದೆ. ಇದೇ ಬಿಲ್ಲೆಯ ಮೇಲೆ ಅವರ ಯಂತ್ರವೂ ಅದೇ ಅಂಕಿ ಹೇಳಬೇಕು. ಹೇಳಿದರೆ ಹಂಪಾಪುರ ಜಾಲಕ್ಕೆ ಸೇರಿತು. ಹೇಳುತ್ತೆ ಬಿಡು.

ಇನ್ನೇನು ಮುಗಿಯಬೇಕು, ಪಕ್ಕದ ಹೊಲಕ್ಕೆ ಒಕ್ಕಣೆ ಟ್ರ್ಯಾಕ್ಟರ್ ನುಗ್ಗಿತು. ಪರದೆಯ ಗೆರೆ ಕುಣಿಯತೊಡಗಿತು. ನಾನು ಏಳುವ ಮೊದಲೇ ಚಿಕ್ಕಮಾದಮ್ಮ ಬದು ದಾಟಿದ್ದರು.

"ಲೇ ದೇವರಾಜ, ನಿಲ್ಸುಲಾ! ನಮ್ ಬಂಡೆ ಅಳೀತಾವ್ರೆ!"

"ನಮ್ಮ ಒಕ್ಕಣೆ ಬ್ಯಾಡ್ವಾ ಅತ್ತೆ?"

"ನಂದೂ ನಿಲ್ಸಿವ್ನಿ ಕಣ್ಲಾ. ಒಂದ್ ಗಳಿಗೆ ಸುಮ್ಕಿರು."

ಎಂಜಿನ್ ನಿಂತಿತು. ಗೆರೆ ನೆಟ್ಟಗಾಯಿತು. ಬಿಮಲಾ ಮತ್ತೆ ಮೊದಲಿಂದ ಶುರು ಮಾಡಿದರು. ನಾನು ದೂರ, ಹುಣಸೆ ಮರದಡಿ ಕೂತು ಬರೆಯುತ್ತಿದ್ದೇನೆ. ಚಿಕ್ಕಮಾದಮ್ಮ ಬಂಡೆಯಂಚಿನಲ್ಲಿ ಬಿಮಲಾ ಪಕ್ಕದಲ್ಲೇ, ಪರದೆ ಇಣುಕುತ್ತಾ.

ಬಿಮಲಾ ಎದ್ದು ನಿಂತರು. ನಗುತ್ತಿದ್ದಾರೆ. ಎರಡು ಬೆರಳು ಜೋಡಿಸಿ ತೋರಿಸುತ್ತಾ ಏನೋ ಅಂದರು, ಕೇಳಿಸಲಿಲ್ಲ. ಚಿಕ್ಕಮಾದಮ್ಮನ ದನಿ ಮಾತ್ರ ಹೊಲವೆಲ್ಲ—

"ಎರಡೂ ಒಂದೇ ಅಂತೆ ಕಣವ್ವಾ! ಅದೇನ್ ಬರೀತಾ ಕುಂತಿದ್ದೀಯೆ, ಎದ್ ಬಾ—"

ಹೊರಟೆ, ಇನ್ನು ಉಳಿದದ್ದು ಆಮೇಲೆ—