ಅಮ್ಮನ ಕಾಲಿಗೆ ಬಿಸಿಲಿನ ಬಣ್ಣ

ಅಮ್ಮಾ,

ಹೂವು ತರೋಕೆ ಗಾಲ್ವೇ ಪೇಟೆಗೆ ಹೊರಟೆ. ನಾಳೆ ಡೋನಲ್ ಜೊತೆ ನಿನ್ನ ಮದುವೆ, ಇವತ್ತು ಮನೆ ಗುಡಿಸ್ತಾ ಕೂರಬೇಡ.

ಮೈಗೆ ಬಿಸಿಲು ಬಣ್ಣ ಬರಿಸೋ ನಿನ್ನ ಆ ಕಡುಗಂದು ಲೋಷನ್ ಬಚ್ಚಿಟ್ಟಿದ್ದೀನಿ, ಹುಡುಕಬೇಡ. ಮೂರು ವಾರದಿಂದ ಬಿಡದೆ ಮಳೆ ಸುರೀತಿದೆ, ಅಷ್ಟು ಕಪ್ಪಾದ್ರೆ ಬಿಸಿಲಿಗೇ ಆಯ್ತು ಅಂತ ಯಾರು ನಂಬ್ತಾರೆ? ಮೇಜಿನ ಮೇಲಿರೋ ತಿಳಿ ಬಣ್ಣದ್ದನ್ನೇ ಹಚ್ಚಿಕೋ.

ಮೊದಲು ಕಾಲು ಚೆನ್ನಾಗಿ ಉಜ್ಜಿ ತೊಳೆದು ಒರೆಸಿಕೋ. ಕೈಗವಸು ಹಾಕಿಕೊಂಡೇ ಸವರು, ಇಲ್ಲದಿದ್ರೆ ಅಂಗೈ ಕ್ಯಾರೆಟ್ ಥರ ಆಗುತ್ತೆ. ಮಂಡಿಗೆ, ಹಿಮ್ಮಡಿಗೆ ಒಂಚೂರು ಸಾಕು.

ಪೂರ್ತಿ ಒಣಗೋವರೆಗೆ ಮಂಡಿಯೂರಬೇಡ ಮಾರಾಯ್ತಿ! ಚಿಕ್ಕಮ್ಮನ ಮಗಳು ಊನಾ ಮದುವೆಯ ಹಿಂದಿನ ದಿನ ನೀನು ಹಸಿ ಕಾಲಲ್ಲೇ ಜಪಮಾಲೆ ಹಿಡಿದು ಮಂಡಿಯೂರಿ ಕೂತೆ. ನಿನ್ನ ಮಂಡಿ ಬೆಳ್ಳಗೇ ಉಳೀತು, ಚಿಕ್ಕಮ್ಮನ ಬಿಳೀ ಕಾರ್ಪೆಟ್ ಕಂದು ಬಣ್ಣ ಆಯ್ತು. ಇವತ್ತು ನಿಂತೇ ಪ್ರಾರ್ಥನೆ ಮಾಡು. ಮಾತೆ ಮರಿಯಮ್ಮ ಏನೂ ಅಂದ್ಕೊಳಲ್ಲ. ಅಪ್ಪನ ಫೋಟೋ ಮುಂದೆ ನಿಂತು ನಾಳೆ ವಿಷಯ ನಾನೇ ಹೇಳಿದ್ದೀನಿ, ಅವರೂ ಏನೂ ಅಂದ್ಕೊಳಲ್ಲ.

ಮುಖಕ್ಕೆ ಮಾತ್ರ ಹಚ್ಚಲೇಬೇಡ. ಯಾರಾದ್ರೂ ಡೋನಲ್ ಹೆಸರೆತ್ತಿದ್ರೆ ಸಾಕು, ಅರವತ್ತೆರಡರ ವಯಸ್ಸಲ್ಲೂ ಅದಕ್ಕೆ ತಾನಾಗೇ ಬಣ್ಣ ಬರುತ್ತೆ.

ನಿನ್ನ ಮಗಳು ಗ್ರಾನ್ಯಾ