ಕಿನ್ನೌರಿನ ಕಪ್ಪು ದ್ರಾಕ್ಷಿ

ಅಣ್ಣಾ, ಹಿಮಾಚಲದ ಕಿನ್ನೌರಿಗೆ ಸುಖವಾಗಿ ತಲುಪಿದೆ. ಅತ್ತಿಗೆ, ಮಕ್ಕಳು ಚೆನ್ನಾಗಿದ್ದಾರೆ ತಾನೇ?

ಬೈರಕೂರಿನಲ್ಲಿ ನಾವು ನೆರಳುಬಲೆ ಕಟ್ಟಿ ಸಾಕಿದ ಪಿನೋ ನ್ವಾರ್ ಎಂಬ ವೈನ್ ದ್ರಾಕ್ಷಿ ನೆನಪಿದೆಯಾ? "ನಮ್ಮ ಬಿಸ್ಲಿಗೆ ಇದು ಬದುಕಲ್ಲ ಕಣೇ" ಅಂತ ನೀನೇ ಕಿತ್ತು ಟೊಮೆಟೊ ಹಾಕಿದೆ. ಅದೇ ದ್ರಾಕ್ಷಿ ಇಲ್ಲಿ ಹಿಮದ ಬೆಟ್ಟದ ಮಗ್ಗುಲಲ್ಲಿ ನೇರಳೆ ಹಣ್ಣಿನಷ್ಟು ಕಪ್ಪಗೆ ತೂಗುತ್ತಿದೆ. ನೋಡಿ ಹೊಟ್ಟೆ ಉರಿದುಹೋಯಿತು. ತೋಟದ ಒಡತಿ ಛೇರಿಂಗ್‌ಗೆ ನನ್ನದೇ ವಯಸ್ಸು. ಹೇಗೆ ಬೆಳೆದೆ ಎಂದು ನಮ್ಮೂರಿನ ಪಕ್ಕದ ಮನೆ ಬಷೀರಾಳಿಂದ ಕಲಿತ ಉರ್ದುವಿನಲ್ಲಿ ಕೇಳಿದೆ. "ನಾನೇನೂ ಮಾಡ್ಲಿಲ್ಲ, ಚಳಿನೇ ಮಾಡ್ತು" ಎಂದು ನಕ್ಕಳು.

ಮೊನ್ನೆ ಮೋಡ ಕವಿಯಿತು; ಮಳೆ ಹೊಡೆದರೆ ಮಾಗಿದ ಹಣ್ಣು ಹಾಳು. ವೈನ್ ಕೆಲಸ ಕಲಿಸಲೆಂದು ಕಂಪನಿ ಕಳಿಸಿದವಳು ನಾನಲ್ಲವೇ, ಅವಳು ನನ್ನನ್ನೇ ಕೇಳಿದಳು: "ಇವತ್ತೇ ಕೊಯ್ಯೋದಾ, ಇನ್ನೊಂದು ವಾರ ಬಿಡೋದಾ?" ತಿಂದು ನೋಡಿದೆ. ಹಣ್ಣು ಸರಿಯಾಗಿ ಮಾಗಿತ್ತು. ಆದರೂ "ಬಿಡು" ಎನ್ನುವ ಮಾತು ನಾಲಿಗೆ ತುದಿಗೆ ಬಂತು. ನಿನ್ನಾಣೆ, ಬಂತು. ಅದನ್ನು ನುಂಗಿಕೊಂಡು "ಈಗ್ಲೇ ಕೊಯ್ಸು" ಎಂದೆ. ಕತ್ತಲಾಗುವವರೆಗೆ ನಾನೂ ಕೊಯ್ದೆ. ಬೆಳಗ್ಗೆ ಎದ್ದು ನೋಡಿದರೆ ಬರಿದಾದ ಬಳ್ಳಿಗಳ ಬುಡದಲ್ಲೆಲ್ಲ ಆಲಿಕಲ್ಲಿನ ರಾಶಿ.

ಛೇರಿಂಗ್ ನನ್ನನ್ನು ತಬ್ಬಿಕೊಂಡು ಅತ್ತಳು. ಮೊದಲ ಪೀಪಾಯಿಯ ಮೇಲೆ ನನ್ನ ಹೆಸರು ಬರೆಸುತ್ತಾಳಂತೆ. ನನ್ನ ಉರಿ ಮಾತ್ರ ಆರಿಲ್ಲ. ಹೆಸರು ನನ್ನದಾದರೇನು, ತೋಟ ಅವಳದೇ ತಾನೇ?

ಚಳಿಗೆ ತುಟಿ ಒಡೆದಿದೆ, ಬೇರೆ ತೊಂದರೆಯಿಲ್ಲ. ದ್ರಾಕ್ಷಿ ತುಳಿಯಲು ಕರೆಯುತ್ತಿದ್ದಾರೆ, ಓಡುತ್ತೇನೆ.

ನಿನ್ನ ತಂಗಿ,
ಮುನಿಲಕ್ಷ್ಮಿ