ಉಡಿ ಅಕ್ಕಿಯೊಳಗಿನ ಉಂಗುರ

ಆಳಂದ
೧೨ ಆಗಸ್ಟ್ ೨೦೨೫

ಚಿ. ಸೌ. ಐಶ್ವರ್ಯಾಳಿಗೆ,

ನಿನ್ನ ಅಪ್ಪ ಅಮರನಾಥನ ಮನಸಾರೆ ಆಶೀರ್ವಾದ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಮೊದಲ ಸಾಲಿನಲ್ಲಿ ಬರೆಯುವುದು ರೂಢಿ. ನಿನ್ನ ಅವ್ವ ಚೆನ್ನಾಗಿದ್ದಾಳೆ. ನನ್ನ ಸುದ್ದಿ ಮುಂದೆ ಬರುತ್ತದೆ. ನೀನು ಫೋನ್ ಮಾಡಿದಾಗಲೆಲ್ಲ ಎರಡು ಮಾತಾಡಿ ಅವ್ವನ ಕೈಗೆ ಕೊಟ್ಟುಬಿಡುತ್ತಿದ್ದೆ, ಅದಕ್ಕೆ ಸಿಟ್ಟಾಗಬೇಡ. ಫೋನಿನಲ್ಲಿ ನೀನು ಅಳುತ್ತೀ, ಆಮೇಲೆ ಇಬ್ಬರೂ ಒಬ್ಬರ ಉಸಿರು ಒಬ್ಬರು ಕೇಳುತ್ತ ಕೂರುತ್ತೇವೆ. ಅದಕ್ಕೇ ಈ ಪತ್ರ. ಪೋಸ್ಟಾಫೀಸಿನಲ್ಲಿ ಲಕೋಟೆ ಕೇಳಿದರೆ ಕಿಟಕಿಯೊಳಗಿನ ಹುಡುಗಿ, ಈ ಮುದುಕ ಯಾವ ಕಾಲದವನು ಎಂಬಂತೆ ನೋಡಿದಳು. ಬರೆಯುವುದು ತಡವಾಯಿತು, ತಪ್ಪು ನನ್ನದೇ.

ನೀನು ಕೇಳುತ್ತಿರುವುದು ಒಂದೇ ಮಾತು. ಶ್ರಾವಣದ ಕೊನೆಯ ಶುಕ್ರವಾರ ಜೇವರ್ಗಿಯಲ್ಲಿ ನಿನ್ನ ಚೊಚ್ಚಲ ಬಸಿರಿನ ಕುಬಸಕ್ಕೆ ಅಪ್ಪ ಬರುತ್ತಾನೋ ಇಲ್ಲವೋ. ಇಲ್ಲ ಮಗಳೇ, ನಾನು ಬರುವುದಿಲ್ಲ. ಅವ್ವ ನಿನ್ನ ಸೋದರಮಾವನ ಜೊತೆ ಬರುತ್ತಾಳೆ. ಹಸಿರು ಸೀರೆ ತಂದಾಗಿದೆ, ಜರಿ ಸ್ವಲ್ಪ ಹೆಚ್ಚಾಯಿತೆಂದು ಅವಳ ತಕರಾರು, ಕಡಿಮೆಯಾಯಿತೆಂದು ನನ್ನದು. ಹಸಿರು ಬಳೆ ಇವೆ. ಕರಚೀಕಾಯಿ, ಶೇಂಗಾ ಹೋಳಿಗೆ, ನಿನಗೆ ಬಾಯಿ ಕೆಟ್ಟಿದೆ ಎಂದಿದ್ದಕ್ಕೆ ಹುಣಸೆ ತೊಕ್ಕು, ಎಲ್ಲ ಡಬ್ಬಿ ತುಂಬುತ್ತಿದ್ದಾಳೆ. ತವರಿನಿಂದ ಬರಬೇಕಾದ್ದು ಯಾವುದೂ ಕಡಿಮೆಯಾಗುವುದಿಲ್ಲ, ನಾನೊಬ್ಬನ ಹೊರತು.

ಇದಕ್ಕೆ ನಿನ್ನ ಅವ್ವ ನನ್ನನ್ನು ಬಿಟ್ಟಿಲ್ಲ. "ನಿಮಗ ಮಗಳಿಗಿಂತ ಮಾನ ದೊಡ್ಡದಾತೇನ್ರಿ?" ಎಂದಳು. ಹೌದು ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮದುವೆಯಾದಾಗಿನಿಂದ ಈ ಜಾದೂಗಾರನ ಅಂಗಿ ತೋಳಿನಲ್ಲಿ ಏನಿದೆ ಎಂದು ಒಂದು ದಿನವೂ ಕೇಳದವಳು ಅವಳು. ಅವಳಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

ಕರಜಗಿಯಲ್ಲಿರುವ ನಿನ್ನ ಮಾವನವರ ಹಳೆಯ ಮನೆಯಲ್ಲಿ ಮೈದುನನ ಮದುವೆಯಾದ ಆ ದಿನ ನೀನು ಬಹುಪಾಲು ಒಳಮನೆಯಲ್ಲಿ ವಾಂತಿ ಮಾಡಿಕೊಳ್ಳುತ್ತ ಮಲಗಿದ್ದೆ. ಗಲಾಟೆ ಎದ್ದ ಮೇಲೆ ಹೊರಗೆ ಬಂದೆ. ಅದಕ್ಕೆ ಮುಂಚಿನದನ್ನು ನೀನು ಬೇರೆಯವರ ಬಾಯಿಂದಲೇ ಕೇಳಿದ್ದೀ. ಒಮ್ಮೆ ನನ್ನ ಬಾಯಿಂದಲೂ ಕೇಳು.

ನಿನ್ನ ಮೈದುನ ಸುನೀಲಕುಮಾರನ ಅಕ್ಕಿಕಾಳು ಬಿದ್ದು, ಊಟ ಮುಗಿದು, ಜನ ಹಂದರದ ಕೆಳಗೆ ಎಲೆಯಡಿಕೆ ಹಾಕುತ್ತ ಕೂತಿದ್ದರು. ಬೀಗರ ಮನೆಯ ಕಾರ್ಯದಲ್ಲಿ ಜಾದೂ ಮಾಡಬಾರದು, ಘನತೆ ಇರುವುದಿಲ್ಲ ಎಂದು ನಿನ್ನ ಅವ್ವ ಮೊದಲೇ ತಾಕೀತು ಮಾಡಿದ್ದಳು. ನಾನೂ ಸುಮ್ಮನೆ ಕೂತಿದ್ದೆ. ನಿನ್ನ ಅತ್ತೆ ಕಸ್ತೂರಿಬಾಯಿಯವರೇ ಬಂದು, ಎಲ್ಲರೂ ಕೇಳುತ್ತಿದ್ದಾರೆ, ಏನಾದರೂ ತೋರಿಸಿ ಎಂದರು. ಕುಣಿಯುವವನಿಗೆ ಹಲಗೆಯ ಸದ್ದು ಕೇಳಿಸಿದರೆ ಸಾಕಲ್ಲ. ನನ್ನದು ದೊಡ್ಡ ಸ್ಟೇಜು, ಪೆಟ್ಟಿಗೆ, ಕತ್ತಿಯ ಜಾದೂ ಅಲ್ಲ, ನಿನಗೆ ಗೊತ್ತು. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಎದುರಿನವರ ವಸ್ತುವನ್ನೇ ಇಸಿದುಕೊಂಡು, ಅವರ ಕಣ್ಣ ಮುಂದೆಯೇ ಮಾಡುವ ಕೈಚಳಕ. ಬಟ್ಟೆ ಅಂಗಡಿಯಲ್ಲಿ ಗಜಕೋಲು ಹಿಡಿದಿದ್ದಾಗ ಅಳುವ ಮಕ್ಕಳನ್ನು ಸುಮ್ಮನಿರಿಸಲು ಕಲಿತದ್ದು. ಅದೇ ಮುಂದೆ ಅನ್ನವಾಯಿತು. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಎಷ್ಟು ಮದುವೆ ಮನೆಗಳಲ್ಲಿ ಎಷ್ಟು ಜನ ನನಗೆ ಬೆರಳಿನ ಉಂಗುರ ಬಿಚ್ಚಿ ಕೊಟ್ಟಿದ್ದಾರೋ! ಈ ವಿದ್ಯೆಯಲ್ಲಿ ಮಾಯ ಮಾಡುವುದು ಅರ್ಧ ಮಾತ್ರ. ಗುರುತೇ ಇಲ್ಲದವನಿಗೆ ಜನ ಬಂಗಾರ ಬಿಚ್ಚಿ ಕೊಡುತ್ತಾರಲ್ಲ, ಉಳಿದ ಅರ್ಧ ಅದು.

ನಿನ್ನ ಅತ್ತೆ ತಮ್ಮ ಪಚ್ಚೆ ಹರಳಿನ ಉಂಗುರ ಕೊಟ್ಟರು. ಅದು ಅವರಿಗೆ ಸಡಿಲ, ಬಿಗಿಯಾಗಲೆಂದು ಕೆಳಭಾಗಕ್ಕೆ ದಾರ ಸುತ್ತಿದ್ದರು. ನಾಲ್ಕು ಜನರೆದುರು ದಾರ ಕಂಡರೆ ಚೆನ್ನಾಗಿರುವುದಿಲ್ಲ ಎಂದು ಅವರೇ ಅದನ್ನು ಬಿಚ್ಚಿ ಬಿಸಾಕಿ ಕೊಟ್ಟರು. ನಾನು ಅದನ್ನು ಮಾಯ ಮಾಡಿದೆ. ಅವರು ಕೈಯಲ್ಲಿ ಮಡಿಚಿ ಹಿಡಿದಿದ್ದ ಎಲೆಯೊಳಗಿಂದಲೇ ತೆಗೆದುಕೊಟ್ಟೆ. ಜನ ಹೋ ಎಂದರು, ಅವರು ನಗುತ್ತ ಉಂಗುರ ಹಾಕಿಕೊಂಡು ಒಳಗೆ ಹೋದರು. ಹೆಣ್ಣುಮಕ್ಕಳಿಗೆ ಉಡಿ ತುಂಬುವುದು ಬಾಕಿ ಇತ್ತು. ಎಲ್ಲರಿಗೂ ಅವರೇ ಬೊಗಸೆ ಬೊಗಸೆ ಅಕ್ಕಿ ಹಾಕಿ ಉಡಿ ತುಂಬಿದರು. ಅದೆಲ್ಲ ಮುಗಿದು ನೋಡಿಕೊಂಡರೆ ಬೆರಳು ಬರಿದು.

ಮೊದಲು ಹುಡುಕಿದ್ದು ಬಚ್ಚಲು, ಆಮೇಲೆ ಪಾತ್ರೆ ತೊಳೆಯುವ ಜಾಗ. ಉಡಿ ತುಂಬಿಸಿಕೊಂಡವರು ಸೆರಗಿನ ಗಂಟು ಬಿಗಿದುಕೊಂಡು ಆಗಲೇ ಗಾಡಿ ಹತ್ತಿದ್ದರು. ಅವರ ಉಡಿ ಯಾರಿಗೂ ನೆನಪಾಗಲಿಲ್ಲ, ನೆನಪಾದರೂ ಕಟ್ಟಿದ ಉಡಿ ಬಿಚ್ಚಿಸಿ ನೋಡುವ ಧೈರ್ಯ ಯಾರಿಗಿದೆ? ಹೀಗೆ ಎಲ್ಲರ ಕಣ್ಣೂ ತಿರುಗಿ ತಿರುಗಿ ನನ್ನ ಹತ್ತಿರ ಬಂದು ನಿಂತವು. ಉಂಗುರ ವಾಪಸ್ ಕೊಟ್ಟೆನಲ್ಲ, ನೀವೇ ಹಾಕಿಕೊಂಡಿರಲ್ಲ ಎಂದೆ. ನಿನ್ನ ಅತ್ತೆ ಸುಳ್ಳು ಹೇಳುವ ಹೆಂಗಸಲ್ಲ, ಅದನ್ನು ನಾನು ಇವತ್ತಿಗೂ ಹೇಳುತ್ತೇನೆ. ಅವರು ಬೆರಳನ್ನೇ ನೋಡುತ್ತ ಮೆಲ್ಲಗೆ ಅಂದರು: "ಕೊಟ್ಟಂಗ ಮಾಡ್ಯಾರ. ನನಗ ಹಾಕ್ಕೊಂಡಂಗ ಅನಿಸ್ತು, ಅಷ್ಟ."

ಸುತ್ತ ಕೂತವರೆಲ್ಲ ಅವರು ಉಂಗುರ ಹಾಕಿಕೊಂಡಿದ್ದನ್ನು ನೋಡಿದ್ದರು. ಆದರೆ ಒಬ್ಬರೂ ನೋಡಿದ್ದೇವೆ ಎನ್ನಲಿಲ್ಲ. ಆಟ ಶುರುಮಾಡುವಾಗ ನಾನು ಯಾವಾಗಲೂ ಹೇಳುವ ಮಾತೊಂದಿದೆ, ನಿಮ್ಮ ಕಣ್ಣ ನಂಬಬ್ಯಾಡ್ರಿ ಎಂದು. ಒಬ್ಬ ಹಿರಿಯರು ಅದನ್ನೇ ಎತ್ತಿ, ಇವರೇ ಹೇಳಿದ್ದಾರಲ್ಲ, ನಾವು ನೋಡಿದ್ದು ಖರೆ ಎಂದು ಹೇಗೆ ಹೇಳುವುದು ಎಂದರು. ಬಾಯಿ ತುಂಬ ನಗಿಸಿದ ಮಾತು ಕೊರಳಿಗೆ ಸುತ್ತಿಕೊಂಡಿತು.

ನಿನ್ನ ಮಾವ ದೌಲತರಾಯರು ಮರ್ಯಾದಸ್ಥರು. ಯಾರಿಗೂ ನನ್ನ ಮೈಮುಟ್ಟಲು ಬಿಡಲಿಲ್ಲ. ಕೈ ಜೋಡಿಸಿಯೇ ಕೇಳಿದರು: "ಬೀಗರ, ತಪ್ಪ ತಿಳ್ಕೋಬ್ಯಾಡ್ರಿ. ಎಲ್ಲಾರ ಸಮಾಧಾನಕ್ಕ ಒಮ್ಮಿ ಕೋಟ ಝಾಡಿಸಿ ತೋರಸ್ರಿ."

ಝಾಡಿಸಿದೆ. ಕೆಂಪು ಸ್ಪಂಜಿನ ಉಂಡೆಗಳು, ರೇಷ್ಮೆ ಕರವಸ್ತ್ರ, ಎರಡೂ ಕಡೆ ರಾಜನೇ ಇರುವ ನಾಣ್ಯ, ಕೊನೆಗೆ ಸಣ್ಣ ವಸ್ತು ಅಡಗಿಸುವ ನನ್ನ ಪೊಳ್ಳು ಪ್ಲಾಸ್ಟಿಕ್ ಹೆಬ್ಬೆರಳು. ಎಲ್ಲ ಮಣ್ಣಿಗೆ ಬಿದ್ದವು. ನಿನಗೂ ನಾನು ತೋರಿಸಿರದ ಆ ಹೆಬ್ಬೆರಳನ್ನು ಯಾರದೋ ಕೂಸು ಎತ್ತಿ ತನ್ನ ಬೆರಳಿಗೆ ಹಾಕಿಕೊಂಡಿತು. ಜನ ನಕ್ಕರು. ಒಳಗಿನ ಕಳ್ಳ ಕಿಸೆಯನ್ನು ಯಾರೋ ತಿರುವಿ ನೋಡಿ, ಸಂಭಾವಿತನಿಗೆ ಇಂಥ ಕಿಸೆ ಯಾಕೆ ಬೇಕು ಎಂದರು. ನನ್ನ ಇಡೀ ಜೀವನದ ಗುಟ್ಟು ಎಂಜಲೆಲೆಗಳ ಪಕ್ಕದಲ್ಲಿ ಬಿದ್ದಿತ್ತು. ಅಷ್ಟಾದರೂ ಉಂಗುರ ಸಿಗಲಿಲ್ಲ. ಸಿಗದೇ ಹೋದದ್ದೇ ನನ್ನ ಜಾಣತನಕ್ಕೆ ಸಾಕ್ಷಿಯಾಯಿತು.

ಮುಂದಿನದು ನಿನಗೆ ಗೊತ್ತು. ನಿನ್ನ ಅತ್ತೆಯ ಗೆಳತಿ, ಸರಸಂಬಾದ ನಿಂಬೆವ್ವ, ಉಡಿಯ ಅಕ್ಕಿಯನ್ನು ದೇವರ ಜಗಲಿಯ ಮೇಲೆ ಇಟ್ಟಿದ್ದರು. ಅವರ ಮನೆಯಲ್ಲಿ ಉಡಿ ಅಕ್ಕಿಯನ್ನು ಸೋಮವಾರವೇ ಬೇಯಿಸಿ, ಬೆಲ್ಲ ಹಾಕಿ, ಮನೆಯವರಷ್ಟೇ ಉಣ್ಣುವ ಪದ್ಧತಿ. ಸೋಮವಾರ ಅಕ್ಕಿ ತೊಳೆಯುವಾಗ ಉಂಗುರ ಕೈಗೆ ಬಂತು. ಆ ಪುಣ್ಯಾತ್ಮರು ಒದ್ದೆ ಕೈಯಲ್ಲೇ ನಿನ್ನ ಅತ್ತೆಗೆ ಫೋನ್ ಮಾಡಿದರಂತೆ. ಸುದ್ದಿ ಬಂದಾಗ ನಿನ್ನ ಅವ್ವ ದೇವರಿಗೆ ದೀಪ ಹಚ್ಚಿದಳು. ನಾನು ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿ ಕೂತೆ, ಜೇವರ್ಗಿಯಿಂದ ಯಾರಾದರೂ ಬರುತ್ತಾರೆ ಎಂದು. ಹುಚ್ಚು ನನ್ನದು.

ಯಾರೂ ಬರಲಿಲ್ಲ, ಮಾತು ಬಂತು. ಸಿಕ್ಕಿಬೀಳುತ್ತೇನೆ ಎಂದು ಹೆದರಿ ಕರಜಗಿಯಿಂದಲೇ ಉಂಗುರವನ್ನು ನಿಂಬೆವ್ವನ ಉಡಿಗೆ ಕಳಿಸಿದ್ದಾನೆ, ಅವನಿಗೇನು, ಕೈ ಬೀಸಿದರೆ ಸಾಕು ಎಂದು. ಎಂಥ ಗೌರವ ನೋಡು! ಎಲೆಯಡಿಕೆಯಿಂದ ಉಂಗುರ ತೆಗೆಯಲು ತಿಂಗಳುಗಟ್ಟಲೆ ತಿಣುಕಿದವನು ನಾನು, ನನ್ನ ಹೆಸರಿಗೆ ಇಂಥ ದೊಡ್ಡ ಜಾದೂ ಬರೆದಿದ್ದಾರೆ. ಕಳ್ಳನಲ್ಲ ಎಂದು ಹೇಳಲು ಇನ್ನೇನು ಸಿಗಬೇಕು ಐಶೂ? ಉಂಗುರ ಸಿಗದಿದ್ದರೆ ಕದ್ದವನು, ಸಿಕ್ಕರೆ ಕದ್ದು ಕಳಿಸಿದವನು. ಇದಕ್ಕೆ ಹೊರಬಾಗಿಲೇ ಇಲ್ಲ.

ಆಮೇಲೆ ಅಫಜಲಪುರದ ಒಂದು ಮದುವೆಗೆ ಹೋಗಿದ್ದೆ, ಮೊದಲೇ ಒಪ್ಪಿದ್ದ ಕಾರ್ಯಕ್ರಮ. ನಾನು ಕೂತೊಡನೆ ಮನೆಯ ಯಜಮಾನರು ಮೈಕಿನಲ್ಲಿ, ತಾಯಂದಿರು ಒಡವೆ ವಸ್ತು ಜೋಪಾನ ಮಾಡಿಕೊಳ್ಳಬೇಕು ಎಂದರು. ತಮಾಷೆಗೇ ಅಂದರೇನೋ. ಎದ್ದು ಬಂದೆ. ಜಿಡಗಾ ಮಠದಲ್ಲಿ ಪ್ರಸಾದಕ್ಕೆ ಕೂತಾಗ ಪಕ್ಕದ ಹೆಂಗಸು ಬಳೆ ಮೇಲಕ್ಕೆ ಸರಿಸಿಕೊಂಡಳು. ಕಿರಾಣಿ ಅಂಗಡಿಯವನು ನಾನು ಕಿಸೆಗೆ ಕೈ ಹಾಕಿದರೆ ತಕ್ಕಡಿ ಬಿಟ್ಟು ನನ್ನ ಕೈ ನೋಡುತ್ತಾನೆ. ಈಗ ಹೊರಗೆ ಹೋದಾಗ ಎರಡೂ ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತೇನೆ.

ನನ್ನ ಕೋಟು ಹೊಲಿದುಕೊಡುವ ಜಮೀರ ಒಬ್ಬನೇ ಮೊದಲಿನ ಹಾಗಿದ್ದಾನೆ. ಒಂದು ದಿನ ಕರೆದು ತನ್ನ ವಾಚು ಬಿಚ್ಚಿ ನನ್ನ ಮುಂದೆ ಹಿಡಿದ. "ತೊಗೋ ಯಾರ್, ಮಾಯ ಮಾಡು. ವಾಪಸ್ ಕೊಡದಿದ್ರೂ ನಡೀತದ," ಎಂದ. ತೆಗೆದುಕೊಂಡೆ. ಬೆರಳುಗಳಿಗೆ ಎಲ್ಲ ನೆನಪಿತ್ತು, ಆದರೆ ವಾಚನ್ನು ಅವನ ಕಣ್ಣಿಂದ ಮರೆಮಾಡಲು ನನ್ನಿಂದ ಆಗಲೇ ಇಲ್ಲ. ಹಾಗೇ ತಿರುಗಿ ಕೊಟ್ಟು ಬಂದೆ. ಅಂದಿಗೆ ನನ್ನ ಕಸುಬು ಮುಗಿಯಿತು. ಕೋಟನ್ನೂ ಅವನಿಗೇ ಕೊಟ್ಟಿದ್ದೇನೆ, ಬಿಚ್ಚಿ ಬೇರೆ ಏನಾದರೂ ಹೊಲಿಯಲಿ.

ಬೀಗರ ಮೇಲಿನ ಸಿಟ್ಟಿಗೆ ಅಪ್ಪ ಬರುತ್ತಿಲ್ಲ ಎಂದು ನೀನು ತಿಳಿದಿದ್ದೀ. ಮಾವನವರೇ ಆಳಂದಕ್ಕೆ ಬಂದು ಕರೆಯುತ್ತಾರೆ ಎಂದೂ ಹೇಳಿದೆ. ಅವರಿಗೆ ಆ ತೊಂದರೆ ಕೊಡಬೇಡ. ಅವರು ನನಗೆ ನಿನ್ನೆ ಮೊನ್ನೆಯ ಬಳಗ, ಅವರ ಮೇಲೆ ನನಗೆ ಸಿಟ್ಟಿಲ್ಲ. ಅಳಿಯ ಅನೀಲಕುಮಾರ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ, ಈ ಗಲಾಟೆಯಲ್ಲೂ ಒಂದು ಕೆಟ್ಟ ಮಾತು ಆಡಲಿಲ್ಲ. ಅವನಿಗೆ ನನ್ನ ಆಶೀರ್ವಾದ ತಿಳಿಸು.

ಹೊತ್ತಿಗೆ ಸರಿಯಾಗಿ ಉಣ್ಣು. ಭಾರ ಎತ್ತಬೇಡ, ಮೇಲಟ್ಟದ ಡಬ್ಬಿಗೆ ಕೈ ಚಾಚಬೇಡ. ನಿನ್ನ ಹೊಟ್ಟೆಯ ಕೂಸು ಸುಖವಾಗಿ ಭೂಮಿಗೆ ಬರಲಿ, ನಿನಗೂ ಅದಕ್ಕೂ ಬಸವಣ್ಣ ನೂರು ವರ್ಷ ಆಯುಷ್ಯ ಕೊಡಲಿ. ಚೊಚ್ಚಲ ಬಾಣಂತನ ಇಲ್ಲೇ. ನಿನ್ನ ಕೋಣೆಗೆ ಸುಣ್ಣ ಬಳಿಸಿದ್ದೇನೆ.

ನಿನ್ನ ಪ್ರೀತಿಯ ಅಪ್ಪ,
ಅಮರನಾಥ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆಯದಿದ್ದರೆ ಮೇಲೆ ಬರೆದದ್ದೆಲ್ಲ ಅರ್ಧ ಸುಳ್ಳಾಗುತ್ತದೆ. ನಿನ್ನ ಅವ್ವನಿಗೆ ಹೇಳಿಲ್ಲ, ನೀನೂ ಹೇಳಬೇಡ. ಕೋಟು ಝಾಡಿಸಿದ ಮೇಲೆ ನೀನು ನನ್ನನ್ನು ಆ ಮನೆಯ ಕಾಳಿನ ಕೋಣೆಗೆ ಕರೆದುಕೊಂಡು ಹೋದೆ. ಕುಡಿಯಲು ನೀರು ಕೊಡುತ್ತೀ ಎಂದುಕೊಂಡೆ. ಬಾಗಿಲು ಮುಂದೆ ಮಾಡಿ, ಕೈ ಚಾಚಿ, "ಅಪ್ಪಾ, ನಿನ್ನ ಕಡೆ ಇದ್ರ ನನಗ ಕೊಟ್ಟುಬಿಡು. ನಾ ಎಲ್ಲ್ಯಾರ ಇಟ್ಟು ಸಿಕ್ತಂತೀನಿ. ಯಾರಿಗೂ ಗೊತ್ತಾಗಂಗಿಲ್ಲ," ಎಂದೆ. ಬೈದು ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಚಿಕ್ಕವಳಿದ್ದಾಗ ಜ್ವರ ಬಂದರೆ ನಾನು ನಿನ್ನನ್ನು ಮಾತಾಡಿಸುತ್ತಿದ್ದ ದನಿಯಲ್ಲಿ ಕೇಳಿದೆ. ನನ್ನ ಕಡೆ ಇಲ್ಲವ್ವ ಎಂದೆ. ಅಂದ ಮೇಲೂ ನೀನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.